ಕಾರು ತಗ್ಗಿಸುವ ಮುಂಚೆ ರಸ್ತೆ ಯಾವುದು ಅಂತ ಕೇಳಿ

ಮಾನ್ಯ ಸಂಪಾದಕರೇ,

ನಾನು ಶಿಡ್ಲಘಟ್ಟದ ರೇಷ್ಮೆ ರೀಲರ್. ವಾರಕ್ಕೊಮ್ಮೆ ನನ್ನ ಹಳೆಯ ಸ್ವಿಫ್ಟ್‌ನಲ್ಲಿ ನೂಲು ತುಂಬಿಕೊಂಡು ಬೆಂಗಳೂರಿಗೆ ಹೋಗುತ್ತೇನೆ. ಹೋಗುವಾಗ ಡಿಕ್ಕಿಯಲ್ಲಿ 60 ಕೆ.ಜಿ., ಬರುವಾಗ ಖಾಲಿ. ಅಮ್ಮನನ್ನು ಕೈವಾರಕ್ಕೆ ಕರೆದುಕೊಂಡು ಹೋಗುವುದೂ ಇದೇ ಕಾರಲ್ಲಿ.

ಕಳೆದ ವರ್ಷ ಶಾಕಪ್‌ಗಳಲ್ಲಿ ಆಯಿಲ್ ಸೋರತೊಡಗಿತು. ಎತ್ತರ, ಬಿಗಿ ಎರಡನ್ನೂ ಬೇಕಾದ ಹಾಗೆ ಹೊಂದಿಸಬಹುದು ಅಂತ ಬೆಂಗಳೂರಿನ ಒಂದು ಅಂಗಡಿಯಲ್ಲಿ ಸ್ಪ್ರಿಂಗೂ ಶಾಕಪ್ಪೂ ಸೇರಿದ ಕಾಯಿಲೋವರ್ ಸೆಟ್ ಹಾಕಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ, ‘ಎಷ್ಟು ತಗ್ಗಿಸಬೇಕು?’ ಯಾವ ರಸ್ತೆಯಲ್ಲಿ ಓಡಿಸುತ್ತೀರಿ, ಎಷ್ಟು ಭಾರ ಹಾಕುತ್ತೀರಿ ಅಂತ ಯಾರೂ ಕೇಳಲಿಲ್ಲ. ನನ್ನ ಹಳೆಯ ಸ್ವಿಫ್ಟ್‌ಗೆ ಕಂಪನಿ ಕೊಟ್ಟಿದ್ದು ನೆಲದಿಂದ 170 ಮಿ.ಮೀ. ಅಂತರ. ಅದರಲ್ಲಿ 40 ತಗ್ಗಿಸಿ ಕಳಿಸಿದರು. ಎಂಟನೇ ದಿನ ಹಂಪ್ ಮೇಲೆ ಎಂಜಿನ್ ಆಯಿಲ್ ಇರುವ ಚೇಂಬರ್ ಬಡಿದು ಒಡೆಯಿತು. ಆಯಿಲ್ ಎಲ್ಲ ರಸ್ತೆಪಾಲು. ಅಮ್ಮ ಸೊಂಟ ಹಿಡಿದುಕೊಂಡು ಬಿಸಿಲಲ್ಲಿ ಒಂದು ಗಂಟೆ ಕೂತಿದ್ದರು. ನನಗೆ ಅದು ಇವತ್ತಿಗೂ ಸಂಕಟ.

ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ನಮ್ಮ ಹಳ್ಳಿಗಳ ಮುಂದೆ ಇರುವುದು ಗೋಡೆಯ ಹಾಗೆ ಎದ್ದು ನಿಂತ ಮಣ್ಣು, ಜಲ್ಲಿ. ಅದಕ್ಕೆ ಬೇರೆಯೇ ಪತ್ರ ಬರೆಯಬೇಕು.

ಇನ್ನೊಂದು ತಪ್ಪು ನಾನೇ ಮಾಡಿದೆ. ಭಾರ ಇದ್ದಾಗ ಕಾರಿನ ಹಿಂಭಾಗ ತಗ್ಗುತ್ತದೆ ಅಂತ ಶಾಕಪ್‌ನ ನಾಬ್ ಬಿಗಿ ಮಾಡಿದೆ. ಕಾರು ಒಂದಿಷ್ಟೂ ಮೇಲೇಳಲಿಲ್ಲ, ಸುಮ್ನೆ ಕುಲುಕಾಟ ಜಾಸ್ತಿಯಾಯಿತು. ಊರಿನ ಮೆಕ್ಯಾನಿಕ್ ಒಬ್ಬರು ಬಿಡಿಸಿ ಹೇಳಿದರು. ಭಾರ ಹೊರುವುದು ಸ್ಪ್ರಿಂಗ್. ಆ ಸ್ಪ್ರಿಂಗ್ ಕುಣಿಯದಂತೆ ತಡೆಯುವುದಷ್ಟೇ ಶಾಕಪ್ ಕೆಲಸ. ನಾಬ್ ಅತಿ ಬಿಗಿಯಾದರೆ ಹಳ್ಳ ಸಿಕ್ಕಾಗ ಚಕ್ರ ಬೇಗ ಕೆಳಗೆ ಇಳಿಯುವುದಿಲ್ಲ, ಹಿಡಿತ ತಪ್ಪುತ್ತದೆ. ಅವರು ಅದನ್ನು ಪೂರ್ತಿ ಬಿಗಿ ಮಾಡಿ, ಅಲ್ಲಿಂದ ಒಂದೊಂದೇ ಕ್ಲಿಕ್ ಎಣಿಸುತ್ತಾ ಸಡಿಲಿಸಿದರು. ಎಡ, ಬಲ ಎರಡೂ ಕಡೆ ಒಂದೇ ಲೆಕ್ಕ.

ಎತ್ತರದಲ್ಲೂ ಎರಡು ಬಗೆ ಇದೆ ಅಂತ ಆಗಲೇ ಗೊತ್ತಾಗಿದ್ದು. ಕೆಲವು ಸೆಟ್‌ಗಳಲ್ಲಿ ಸ್ಪ್ರಿಂಗ್ ಕೂರುವ ತಟ್ಟೆಯನ್ನೇ ಇಳಿಸುತ್ತಾರೆ. ಹಾಗೆ ಇಳಿಸಿದಷ್ಟೂ ಶಾಕಪ್ ಒಳಗೆ ಹೋಗಲು ಜಾಗ ಕಡಿಮೆ, ಗುಂಡಿಗೆ ಬಿದ್ದರೆ ತಳ ಮುಟ್ಟಿ ‘ಧಡ್’ ಅನ್ನುತ್ತದೆ. ಕೆಳಗಿನ ಬ್ರಾಕೆಟ್ ತಿರುಗಿಸಿ ಎತ್ತರ ಬದಲಿಸುವ ಸೆಟ್‌ನಲ್ಲಿ ಆ ಜಾಗ ಹಾಗೇ ಉಳಿಯುತ್ತದೆ. ಬೆಲೆ ಜಾಸ್ತಿ, ಆದರೆ ನಮ್ಮ ರಸ್ತೆಗೆ ಅದೇ ಸರಿ. ನನಗೆ ಮೊದಲೇ ಹೇಳಿದ್ದರೆ ಅದನ್ನೇ ಕೊಳ್ಳುತ್ತಿದ್ದೆ, ಅಲ್ವಾ? ಎತ್ತರ ಬದಲಿಸಿದ ಮೇಲೆ ಚಕ್ರಗಳ ಅಲೈನ್‌ಮೆಂಟ್ ಮಾಡಿಸಲೇಬೇಕು ಅಂತಲೂ ಯಾರೂ ಹೇಳಿರಲಿಲ್ಲ. ಮುಂದಿನ ಎರಡು ಟೈರ್ ಒಳಬದಿ ಸವೆದ ಮೇಲೆ ತಿಳಿಯಿತು.

ಈಗ ಮುಂದೆ ಹಿಂದೆ ಎರಡೂ ಕಡೆ ಕಂಪನಿಯ ಎತ್ತರಕ್ಕೇ ವಾಪಸ್ ತಂದಿದ್ದೇನೆ.

ಈ ಸಾಮಾನು ಮಾರುವವರಲ್ಲಿ ನನ್ನ ಬೇಡಿಕೆ ಇಷ್ಟೇ. ಸ್ಪ್ರಿಂಗ್ ಎಷ್ಟು ಗಟ್ಟಿ, ಕಾರು ಎಷ್ಟು ತಗ್ಗಿತು, ನಾಬ್ ಎಷ್ಟನೇ ಕ್ಲಿಕ್‌ನಲ್ಲಿದೆ ಎಂಬ ಮೂರನ್ನೂ ಬಿಲ್ ಮೇಲೆ ಬರೆದು ಕೊಡಿ. ದುಡ್ಡು ತೆಗೆದುಕೊಳ್ಳುವ ಮುಂಚೆ, ಮನೆಯವರನ್ನೂ ಸಾಮಾನನ್ನೂ ತುಂಬಿಸಿ ಒಂದು ಹಂಪ್ ದಾಟಿಸಿ ತೋರಿಸಿ.

ಇಂತಿ,
ನಿಮ್ಮ ಓದುಗ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಜಿಲ್ಲೆ