ಸಂಶೋಧನಾ ಸಚಿವರಿಗೊಂದು ಬಹಿರಂಗ ಪತ್ರ: ನಮ್ಮ ದುಡ್ಡಲ್ಲಿ ಬರ್ದಿದ್ದನ್ನ ನಮಗೆ ಓದೋಕೆ ಬಿಡಿ

ಮಾನ್ಯ ಸಂಶೋಧನಾ ಖಾತೆ ಸಚಿವರೇ,

ನಮಸ್ಕಾರ. ನಿಮ್ಮ ಇಲಾಖೆಗೆ ಇದಕ್ಕೆ ಮುಂಚೆ ಮೂರು ಮೇಲ್ ಕಳ್ಸಿದೀನಿ. ಎರಡಕ್ಕೆ ಉತ್ತರಾನೇ ಇಲ್ಲ. ಮೂರನೇದಕ್ಕೆ ಬಂತು, "ದಯವಿಟ್ಟು ತಮ್ಮ ಸಂಸ್ಥೆಯ ಗ್ರಂಥಾಲಯವನ್ನು ಸಂಪರ್ಕಿಸಿ" ಅಂತ. ಸಾರ್, ನಂಗೆ ಸಂಸ್ಥೆ ಇಲ್ಲ. ಅದೇ ನನ್ನ ಕಂಪ್ಲೇಂಟು, ಆ ಇಮೇಲ್‌ನ ಮೊದಲನೇ ಸಾಲಲ್ಲೇ ಬರ್ದಿದ್ದೆ, ಓದಿದ್ರೆ ತಾನೇ. ಅದಕ್ಕೇ ಈ ಸಲ ಎಲ್ರ ಕಣ್ಣಿಗೂ ಬೀಳೋ ಹಾಗೆ ಬರೀತಿದೀನಿ.

ಕೇಳ್ತಿರೋದು ಒಂದೇ ಒಂದು. ಸರ್ಕಾರದ ಅನುದಾನದಲ್ಲಿ ನಡೆದ ರಿಸರ್ಚಿನ ಪೇಪರು ಪ್ರಕಟ ಆದ ದಿನವೇ ಎಲ್ರಿಗೂ ಪುಕ್ಕಟೆ ಓದೋಕೆ ಸಿಗ್ಬೇಕು. ಆರು ತಿಂಗಳು ಬಿಟ್ಟಲ್ಲ, ವರ್ಷ ಬಿಟ್ಟಲ್ಲ, ಅದೇ ದಿನ. ದುಡ್ಡು ಕೊಟ್ಟೋರಿಗೆ ಮಾತ್ರ ಅನ್ನೋ ಬೀಗ ತೆಗೀರಿ.

ನಿಯಮ ಏನಿದೆ ಅಂತ ನಾನು ನಿಮ್ಗೆ ಹೇಳ್ಕೊಡೋ ಅಗತ್ಯ ಇಲ್ಲ, ಸಹಿ ಹಾಕಿರೋದೇ ನಿಮ್ಮ ಇಲಾಖೆ. ಫಲಿತಾಂಶಗಳು "ಸಾಧ್ಯವಾದಷ್ಟೂ" ಸಾರ್ವಜನಿಕರಿಗೆ ಸಿಗಬೇಕು ಅಂತಿದೆ ಅದ್ರಲ್ಲಿ. ಆ ಪದ ಹುಡುಕಿದವ್ರಿಗೆ ನಿಜಕ್ಕೂ ಒಂದು ಸನ್ಮಾನ ಮಾಡ್ಬೇಕು. ಯಾರಿಗೂ ಸಿಗ್ದೇ ಇದ್ರೂ ನಿಯಮ ಮುರಿದ ಹಾಗಾಗಲ್ಲ ನೋಡಿ.

ಈಗ ನಮ್ಮನೆ ಕಥೆ ಹೇಳ್ತೀನಿ. ಉದ್ದ ಆಗತ್ತೆ, ಆದ್ರೂ ಓದಿ.

ಎರಡು ವರ್ಷದ ಹಿಂದೆ ನಮ್ಮಕ್ಕ ಇದ್ದಕ್ಕಿದ್ದ ಹಾಗೆ ಬೇರೆ ಯಾರೋ ಆಗ್ಬಿಟ್ಳು. ಮೊದಲು ನಿದ್ದೆ ಹೋಯ್ತು, ಆಮೇಲೆ ಯಾರೋ ಹಿಂದೆ ಬರ್ತಿದಾರೆ ಅಂತ ಹೆದ್ರೋಕೆ ಶುರು ಮಾಡಿದ್ಳು, ಆಮೇಲೆ ಮಾತು ತೊದಲ್ತಾ ತೊದಲ್ತಾ ನಿಂತೇ ಹೋಯ್ತು. ಮಾನಸಿಕ ಕಾಯಿಲೆ ಅಂತ ಮಾತ್ರೆ ಕೊಟ್ರು. ಇಪ್ಪತ್ತು ದಿನ ಅದರಲ್ಲೇ ಹೋಯ್ತು, ಫಿಟ್ಸ್ ಬಂದ್ಮೇಲೇನೇ ಇನ್ನೊಬ್ರು ಡಾಕ್ಟ್ರು ಬೆನ್ನುಮೂಳೆಯಿಂದ ನೀರು ತೆಗೆದು ಟೆಸ್ಟಿಗೆ ಕಳ್ಸಿದ್ದು. ಆಂಟಿ ಎನ್‌ಎಂಡಿಎ ರಿಸೆಪ್ಟರ್ ಎನ್ಸೆಫಲೈಟಿಸ್ ಅಂತ ಬಂತು. ಅಂದ್ರೆ ನಮ್ಮ ದೇಹದ ರೋಗನಿರೋಧಕ ಶಕ್ತಿಯೇ ತಪ್ಪು ತಿಳ್ಕೊಂಡು ಮೆದುಳಿನ ಮೇಲೆ ಬೀಳೋದು. ಇದನ್ನ ಡಾಲ್ಮಾವ್ ಅನ್ನೋ ನರವಿಜ್ಞಾನಿ ಮತ್ತವ್ರ ತಂಡ ಗುರುತಿಸಿದ್ದೇ 2007ರಲ್ಲಿ. ಅದಕ್ಕಿಂತ ಮುಂಚೆ ಈ ಕಾಯಿಲೆಗೆ ಒಂದು ಹೆಸರೂ ಇರ್ಲಿಲ್ಲ, ಹೆಸರಿಲ್ದೇ ಎಷ್ಟು ಜನ ಹುಚ್ಚರು ಅನ್ನಿಸ್ಕೊಂಡು ಹೋದ್ರೋ ಅಂತ ಯೋಚ್ನೆ ಮಾಡಿದ್ರೆ ಈಗ್ಲೂ ಮೈ ಜುಂ ಅನ್ನತ್ತೆ. ನಮ್ಮಕ್ಕನ ಜೀವ ಉಳ್ಸಿದ್ದು ಒಂದು ರಿಸರ್ಚ್ ಪೇಪರು ಅಂದ್ರೆ ಅತಿಶಯ ಅಲ್ಲ. ಹಾಗಾಗಿ ನಾನು ರಿಸರ್ಚ್ ವಿರೋಧಿ ಅಂತ ದಯವಿಟ್ಟು ಅಂದ್ಕೋಬೇಡಿ.

ಸ್ಟೀರಾಯ್ಡ್ ಕೊಟ್ರು, ಇಮ್ಯುನೋಗ್ಲಾಬ್ಯುಲಿನ್ ಕೊಟ್ರು, ಅಂದ್ಕೊಂಡಷ್ಟು ಗುಣ ಕಾಣ್ಲಿಲ್ಲ. ಎರಡನೇ ಹಂತದ ಔಷಧಿ ಶುರು ಮಾಡೋಣ್ವಾ ಬೇಡ್ವಾ ಅನ್ನೋ ಪ್ರಶ್ನೆ ಬಂತು. ಡಾಕ್ಟ್ರು ಒಂದು ಪೇಪರಿನ ಹೆಸರು ಚೀಟೀಲಿ ಬರ್ದು ಕೊಟ್ಟು "ಇದನ್ನ ನೀವೂ ನೋಡಿ, ನಮ್ಮ ಆಸ್ಪತ್ರೇಲಿ ಈ ಜರ್ನಲ್ ಇಲ್ಲ, ನಿಮ್ಗೇನಾದ್ರೂ ಪೂರ್ತಿ ಸಿಕ್ರೆ ನಂಗೂ ಒಂದು ಫಾರ್ವರ್ಡ್ ಮಾಡಿ" ಅಂದ್ರು.

ಇನ್ನೊಂದ್ಸಲ ಓದಿ ಸಾರ್ ಆ ಮಾತು. ಟ್ರೀಟ್‌ಮೆಂಟ್ ಕೊಡೋ ಡಾಕ್ಟ್ರು ರೋಗಿಯ ತಮ್ಮನ್ನ ಪೇಪರ್ ಕೇಳ್ತಿದಾರೆ!

ರಾತ್ರಿ ಐಸಿಯು ಹೊರಗಡೆ ಬೆಂಚಲ್ಲಿ ಕೂತು ಮೊಬೈಲಲ್ಲಿ ಹುಡ್ಕಿದೆ. ಸಿಕ್ತು. ಮೇಲ್ಗಡೆ ಹತ್ತು ಸಾಲಿನ ಸಾರಾಂಶ. ಕೊನೇ ಸಾಲು ನಂಗೆ ಬಾಯಿಪಾಠ: ಔಷಧಿಯ ಅಡ್ಡಪರಿಣಾಮಗಳನ್ನು ಮತ್ತು ಕಾಯಿಲೆ ಮರುಕಳಿಸುವ ಸಾಧ್ಯತೆಯನ್ನು ಚರ್ಚಿಸಲಾಗಿದೆ. ಎಲ್ಲಿ ಚರ್ಚಿಸಲಾಗಿದೆ? ಬೀಗದ ಒಳಗೆ. ಅದ್ರ ಕೆಳಗೆ ಕಾರ್ಡ್ ನಂಬರ್ ಹಾಕಿ ಅನ್ನೋ ಬಟನ್ನು, ಒಂದು ದಿನಕ್ಕೆ ಬಾಡಿಗೆಗೆ ಕೊಡ್ತಾರಂತೆ. ಅದ್ರ ಪಕ್ಕದಲ್ಲೇ, ಬೀಗದ ಹೊರಗೆ, ಎಲ್ರಿಗೂ ಕಾಣೋ ಹಾಗೆ, ಈ ಸಂಶೋಧನೆಗೆ ದುಡ್ಡು ಕೊಟ್ಟೋರು ಯಾರು ಅಂತ ಬರ್ದಿತ್ತು. ನಿಮ್ಮ ಇಲಾಖೆ. ಅನುದಾನದ ನಂಬರ್ ಸಮೇತ.

ದುಡ್ಡು ಕೊಟ್ಟೆ. ಪೇಮೆಂಟ್ ಫೇಲ್ ಆಯ್ತು, ದುಡ್ಡು ಕಟ್ ಆಯ್ತು, ಪೇಪರ್ ಬರ್ಲಿಲ್ಲ. ಬರೆದವ್ರಿಗೇ ಮೇಲ್ ಮಾಡಿದ್ರೆ ಕಳಿಸ್ತಾರೆ ಅಂತ ಯಾರೋ ಹೇಳಿದ್ರು, ಮಾಡ್ದೆ, ಅವ್ರು ಆ ಯೂನಿವರ್ಸಿಟಿ ಬಿಟ್ಟು ಹೋಗಿದ್ರು ಅಂತ ಕಾಣತ್ತೆ, ಮೇಲ್ ಬೌನ್ಸ್ ಆಯ್ತು. ಅಷ್ಟೊತ್ತಿಗೆ ಬೆಳಗಾಗಿತ್ತು.

ಆ ರಾತ್ರಿ ಇದೇ ಕಾಯಿಲೆ ಬಗ್ಗೆ ಪೂರ್ತಿ ಓದೋಕೆ ಸಿಕ್ಕ ಪೇಪರ್‌ಗಳೂ ಇದ್ವು. ಯಾಕೆ ಸಿಕ್ವು ಅಂತ ಆಮೇಲೆ ತಿಳ್ಕೊಂಡೆ. ಅವುಗಳಿಗೆ ದುಡ್ಡು ಕೊಟ್ಟಿದ್ದು ಎನ್‌ಐಎಚ್, ಅಂದ್ರೆ ಅಮೆರಿಕ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ. ತಮ್ಮ ದುಡ್ಡಲ್ಲಿ ಬರೆದ ಪೇಪರನ್ನ ಪಬ್‌ಮೆಡ್ ಸೆಂಟ್ರಲ್ ಅನ್ನೋ ಪುಕ್ಕಟೆ ವೆಬ್‌ಸೈಟಿನಲ್ಲಿ ಎಲ್ರಿಗೂ ಸಿಗೋ ಹಾಗೆ ಹಾಕಲೇಬೇಕು ಅಂತ ಅವ್ರು 2008ರಲ್ಲೇ ಕಡ್ಡಾಯ ಮಾಡಿದ್ರು. ಆಗ ಹನ್ನೆರಡು ತಿಂಗಳವರೆಗೆ ತಡ ಮಾಡೋಕೆ ಅವಕಾಶ ಇತ್ತು, 2025ರ ಜುಲೈ 1ರಿಂದ ಅದನ್ನೂ ತೆಗ್ದು ಹಾಕಿದ್ರು. ಅಂದ್ರೆ ನಮ್ಮಕ್ಕನ ಕಾಯಿಲೆ ಬಗ್ಗೆ ನಾನು ಓದಿದ್ದೆಲ್ಲ ಯಾವ್ದೋ ದೇಶದ ತೆರಿಗೆದಾರರ ಋಣ. ನನ್ನ ತೆರಿಗೆಯಿಂದ ನಂಗೆ ಸಿಕ್ಕಿದ್ದು ಬೀಗ ಮತ್ತೆ ನಿಮ್ಮ ಅನುದಾನದ ನಂಬರು.

ಇದೆಲ್ಲ ಆಗದ ಮಾತು, ತಾಂತ್ರಿಕ ತೊಂದ್ರೆ ಇದೆ ಅಂತ ಮಾತ್ರ ಹೇಳ್ಬೇಡಿ. ಫಿಸಿಕ್ಸ್‌ನವ್ರು 1991ರಿಂದ ಮಾಡ್ತಿದಾರೆ, ಪಾಲ್ ಗಿನ್ಸ್‌ಪಾರ್ಗ್ ಅನ್ನೋ ಭೌತವಿಜ್ಞಾನಿ ಶುರು ಮಾಡಿದ, ಪೇಪರ್‌ಗಳನ್ನ ಹಾಕೋ ಆರ್ಕೈವ್ ಅನ್ನೋ ಸೈಟು ಇವತ್ತಿಗೂ ಪುಕ್ಕಟೆ. ರಷ್ಯಾದ ಗಣಿತಜ್ಞ ಪೆರೆಲ್ಮಾನ್ ಪ್ವಾಂಕರೆ ಊಹೆ ಅನ್ನೋ ಗಣಿತದ ಹಳೇ ಒಗಟಿನ ಪುರಾವೆಯನ್ನ 2002 ಮತ್ತು 2003ರಲ್ಲಿ ಮೂರು ಭಾಗದಲ್ಲಿ ಅಲ್ಲೇ ಹಾಕಿ ಸುಮ್ನಾದ್ರು, ಯಾವ ಜರ್ನಲ್ಲಿಗೂ ಕಳಿಸ್ಲಿಲ್ಲ, ಗಣಿತಜ್ಞರು ವರ್ಷಗಟ್ಟಲೆ ಕೂತು ಒಂದೊಂದೇ ಹೆಜ್ಜೆ ಪರೀಕ್ಷೆ ಮಾಡಿ ಸರಿಯಿದೆ ಅಂದ್ರು. ಶುದ್ಧ ಗಣಿತ ಓದೋಕೆ ನಂಗೆ ಪೂರ್ತಿ ಸ್ವಾತಂತ್ರ್ಯ ಇದೆ. ಒಂದು ಸಾಲೂ ಅರ್ಥ ಆಗಲ್ಲ, ಆದ್ರೆ ಸ್ವಾತಂತ್ರ್ಯ ಇದೆ. ಅಕ್ಕನಿಗೆ ಕೊಡೋ ಔಷಧಿ ಬಗ್ಗೆ ಓದೋಕೆ ಇಲ್ಲ.

ಎಂಜಿನಿಯರಿಂಗ್ ಕಥೇನೂ ಹೇಳ್ಬಿಡ್ತೀನಿ. ನಾನು ಓದೋ ಕಾಲಕ್ಕೆ ಬೇರಿಂಗ್‌ಗಳ ಕಂಪನದ ಮೇಲೆ ಒಂದು ಪೇಪರ್ ಬರ್ದಿದ್ದೆ, ಸರ್ಕಾರದ ಸ್ಟೈಪೆಂಡ್ ತಗೊಂಡೇ. ಹೋದ ವರ್ಷ ಕೆಲ್ಸಕ್ಕೆ ಅದ್ರಲ್ಲಿದ್ದ ಒಂದು ಗ್ರಾಫ್ ಬೇಕಾಯ್ತು. ನನ್ನ ಪೇಪರ್ ನಂಗೇ ಓದೋಕೆ ದುಡ್ಡು ಕೇಳ್ತು. ನಕ್ಕುಬಿಟ್ಟೆ, ಇನ್ನೇನ್ ಮಾಡ್ಲಿ.

ನೋಡಿ, ಪೇಪರ್ ಬರೆಯೋರಿಗೆ ಜರ್ನಲ್ ದುಡ್ಡು ಕೊಡಲ್ಲ, ಪರಿಶೀಲನೆ ಮಾಡೋ ಬೇರೆ ವಿಜ್ಞಾನಿಗಳಿಗೂ ಸಾಮಾನ್ಯವಾಗಿ ಏನೂ ಕೊಡಲ್ಲ. ಅವ್ರಿಬ್ರಿಗೂ ಸಂಬಳ ಕೊಡೋದು ಬಹುಪಾಲು ನಾವು. ಆಮೇಲೆ ಅದೇ ಪೇಪರನ್ನ ಯೂನಿವರ್ಸಿಟಿ ಲೈಬ್ರರಿ ನಮ್ಮ ದುಡ್ಡಲ್ಲೇ ವಾಪಸ್ ಕೊಂಡ್ಕೊಳತ್ತೆ. ಅಷ್ಟಾದ್ಮೇಲೂ ಲೈಬ್ರರಿ ಗೇಟಿನ ಹೊರಗಿರೋ ನಾವು ಮೂರನೇ ಸಲ ಕೊಡ್ಬೇಕು. ಸಂತೇಲಿ ದನ ಮಾರೋ ದಲ್ಲಾಳಿಗೂ ಇಷ್ಟು ಧೈರ್ಯ ಇರಲ್ಲ.

ಬೀಗ ಇದ್ರೇನೇ ಗುಣಮಟ್ಟ ಅನ್ನೋರು ನಿಮ್ಮ ಸುತ್ತ ಇರ್ತಾರೆ ಅಂತ ಗೊತ್ತು. ಮಕ್ಕಳಿಗೆ ದಡಾರ ಬರದ ಹಾಗೆ ಹಾಕೋ ಎಂಎಂಆರ್ ಲಸಿಕೆಗೂ ಆಟಿಸಂಗೂ ಗಂಟು ಹಾಕಿ ಜನರನ್ನ ಹೆದರಿಸಿದ ಆ ಪೇಪರ್ 1998ರಲ್ಲಿ ಬಂದಿದ್ದು ದುಡ್ಡು ಕೊಟ್ಟು ಓದೋ ಹೆಸರಾಂತ ವೈದ್ಯಕೀಯ ಜರ್ನಲ್ ಲ್ಯಾನ್ಸೆಟ್‌ನಲ್ಲಿ, ಯಾವ್ದೋ ಹಾದಿಬೀದಿ ಪತ್ರಿಕೇಲಲ್ಲ. ಅದನ್ನ ವಾಪಸ್ ತಗೊಂಡಿದ್ದು 2010ರಲ್ಲಿ. ಹನ್ನೆರಡು ವರ್ಷ.

ಮತ್ತೆ ಬೀಗದಿಂದ ಆಗೋ ನಷ್ಟ ನಮ್ಮನೆ ಒಂದರದ್ದೇ ಅಲ್ಲ. ಲೈಬೀರಿಯಾವನ್ನೂ ಎಬೋಲಾ ಇರೋ ವಲಯಕ್ಕೆ ಸೇರಿಸ್ಬೇಕು ಅಂತ 1982ರಲ್ಲೇ ಯುರೋಪಿನ ಒಂದು ಜರ್ನಲ್ಲಿನಲ್ಲಿ ಪೇಪರ್ ಬಂದಿತ್ತು. 2014ರಲ್ಲಿ ಅಲ್ಲಿ ಸಾವಿರಾರು ಜನ ಸತ್ರು. ಅಂಥ ಒಂದು ಪೇಪರ್ ಇದೆ ಅಂತ ಅಲ್ಲಿನ ಆರೋಗ್ಯ ಅಧಿಕಾರಿಗಳಿಗೆ ಗೊತ್ತಾಗಿದ್ದು ಅದಾದ್ಮೇಲೆ, ಆಗ್ಲೂ ಅದನ್ನ ಓದೋಕೆ ದುಡ್ಡು ಕೊಡ್ಬೇಕಿತ್ತು. ಕೊರೊನಾ ಬಂದಾಗ ಏನಾಯ್ತು? 2020ರ ಜನವರಿ 11ಕ್ಕೆ ವೈರಸ್ಸಿನ ಜೀನೋಮ್ ಎಲ್ರಿಗೂ ಸಿಕ್ತು, ಆಮೇಲೆ ದೊಡ್ಡ ದೊಡ್ಡ ಪ್ರಕಾಶಕರೆಲ್ಲ ಕೊರೊನಾ ಪೇಪರ್‌ಗಳ ಬೀಗ ತೆಗೆದ್ರು. ತೆಗೆಯೋಕೆ ಬರತ್ತೆ ಅಂತಾಯ್ತಲ್ಲ. ಬೀಗದ ಕೈ ಜೇಬಲ್ಲೇ ಇತ್ತು, ಇಡೀ ಪ್ರಪಂಚ ಜ್ವರ ಬಂದು ಮಲಗೋವರೆಗೂ ಕಾದ್ರು ಅಷ್ಟೇ.

ಇನ್ನೊಂದು ಮಾತು, ಇದನ್ನ ಹೇಳ್ದೇ ಬಿಟ್ರೆ ನೀವು ಜಾಣತನದಿಂದ ಅರ್ಧ ಕೆಲ್ಸ ಮಾಡಿ ಕೈ ತೊಳ್ಕೊಳ್ತೀರಿ. ಓದೋರ ಹತ್ರ ವಸೂಲಿ ನಿಲ್ಸಿ ಬರೆಯೋರ ಹತ್ರ ವಸೂಲಿ ಶುರು ಮಾಡೋದು ಪರಿಹಾರ ಅಲ್ಲ. ನೇಚರ್ ಪತ್ರಿಕೆ 2020ರಲ್ಲಿ ಒಂದು ಪೇಪರನ್ನ ಮುಕ್ತವಾಗಿ ಹಾಕೋಕೆ 9,500 ಯೂರೋವರೆಗೆ ಶುಲ್ಕ ಅಂತ ಘೋಷಣೆ ಮಾಡ್ತು. 2023ರಲ್ಲಿ ಮೆದುಳಿನ ಸಂಶೋಧನೆಯ ನ್ಯೂರೋಇಮೇಜ್ ಪತ್ರಿಕೆಯ ನಲವತ್ತಕ್ಕೂ ಹೆಚ್ಚು ಸಂಪಾದಕರು ಇಂಥದ್ದೇ ಶುಲ್ಕದ ಜಗಳಕ್ಕೆ ಒಟ್ಟಿಗೇ ರಾಜೀನಾಮೆ ಕೊಟ್ಟು ಹೊರಗ್ಬಂದು ಬೇರೆ ಪತ್ರಿಕೆ ಶುರು ಮಾಡಿದ್ರು. ಅವ್ರಿಗಿದ್ದ ಬೆನ್ನುಮೂಳೆ ಇಲಾಖೆಗೂ ಇದ್ದಿದ್ರೆ ಚೆನ್ನಾಗಿರ್ತಿತ್ತು. ಆ ಶುಲ್ಕ ಯಾರೂ ಕಟ್ಟೋದು ಬೇಡ. ಜರ್ನಲ್ ಒಪ್ಕೊಂಡ ಕೊನೇ ಕರಡನ್ನ ಲೇಖಕರು ಸರ್ಕಾರದ ಒಂದು ಸೈಟಿಗೆ ಅಪ್‌ಲೋಡ್ ಮಾಡಿದ್ರೆ ಸಾಕು, ಮಾಡ್ದೇ ಇದ್ರೆ ಮುಂದಿನ ಕಂತು ಬಿಡುಗಡೆ ಇಲ್ಲ. ಅಷ್ಟೇ ಸಾರ್. ಕಮಿಟಿ ಬೇಡ, ವಿದೇಶ ಪ್ರವಾಸ ಬೇಡ, ಇನ್ನೊಂದು ಕರಡು ನೀತಿ ಅಂತೂ ಬೇಡವೇ ಬೇಡ. "ಸಾಧ್ಯವಾದಷ್ಟೂ" ಅನ್ನೋದನ್ನ ಹೊಡೆದು ಹಾಕಿ "ಕಡ್ಡಾಯವಾಗಿ, ಅದೇ ದಿನ" ಅಂತ ಬರೀರಿ. ಒಂದು ಪೆನ್ನು ಸಾಕು, ಇಲ್ಲ ಅಂದ್ರೆ ನಾನೇ ಕಳಿಸ್ಕೊಡ್ತೀನಿ.

ಅಕ್ಕ ಈಗ ಪರ್ವಾಗಿಲ್ಲ. ಆ ಔಷಧಿ ಕೊಟ್ರು, ಡಾಕ್ಟ್ರೂ ನಾನೂ ಇಬ್ರೂ ಸಾರಾಂಶ ಓದ್ಕೊಂಡೇ ಒಪ್ಕೊಂಡ್ವಿ, ಸದ್ಯ ಕೆಲ್ಸ ಮಾಡ್ತು. ಮಾತು ಪೂರ್ತಿ ವಾಪಸ್ ಬಂದಿದೆ, ಜಗಳ ಆಡೋದೂ ವಾಪಸ್ ಬಂದಿದೆ. ಮರುಕಳಿಸತ್ತಾ ಅಂತ ಆಗಾಗ ಕೇಳ್ತಾಳೆ. ಅದನ್ನ ಚರ್ಚಿಸಲಾಗಿದೆ ಅಂತ ಹೇಳ್ತೀನಿ.

ಬರೋ ತಿಂಗಳು ಮತ್ತೆ ಚೆಕಪ್ಪಿದೆ. ಇವತ್ತು ಬೆಳಗ್ಗೆ ಆ ಪೇಜ್ ಇನ್ನೊಂದ್ಸಲ ತೆಗ್ದು ನೋಡ್ದೆ, ಬೀಗ ಹಾಗೇ ಇದೆ, ಪಕ್ಕದಲ್ಲಿ ನಿಮ್ಮ ಇಲಾಖೆ ಹೆಸರೂ ಹಾಗೇ ಇದೆ. ಅದ್ರಲ್ಲಿ ಒಂದನ್ನ ತೆಗೀರಿ.

ಇಂತಿ,
ಯಾವ ಸಂಸ್ಥೆಗೂ ಸೇರದ ಒಬ್ಬ ತೆರಿಗೆದಾರ