ಐದನೇ ಕ್ಲಾಸ್ ಮುಗಿಯಿತು, ಆಯಾ ಅಕ್ಕನಿಗೆ ಥ್ಯಾಂಕ್ಸ್ ಹೇಳುವುದಿದೆ

ಪುಟ್ಟನ ಐದನೇ ಕ್ಲಾಸ್ ಮುಗಿಯಿತು. ಮೊನ್ನೆ ಅಂಕಪಟ್ಟಿ ಕೊಟ್ಟರು. ಅದನ್ನು ಬ್ಯಾಗಿಗೆ ಹಾಕಿಕೊಂಡು, ಅವನ ಕೈ ಹಿಡಿದು ಗೇಟು ದಾಟಿ ಆಟೊ ಹತ್ತುವವರೆಗೂ ಚೆನ್ನಾಗೇ ಇದ್ದೆ. ಆಮೇಲೆ ಅಳು ಬಂತು. ಆಟೊದವರು ಕನ್ನಡಿಯಲ್ಲಿ ನೋಡಿ "ಫೇಲಾ ಮೇಡಂ?" ಅಂದರು. "ಇಲ್ಲಪ್ಪ, ಪಾಸು" ಅಂದೆ. ಪಾಪ, ಅವರಿಗೆ ಏನೂ ಅರ್ಥವಾಗಲಿಲ್ಲ.

ಈ ಐದು ವರ್ಷದಲ್ಲಿ ಎಷ್ಟೋ ಸಲ ಥ್ಯಾಂಕ್ಸ್ ಅಂದಿದ್ದೇನೆ. ಎಲ್ಲಾ ಗೇಟಿನ ಹತ್ರ, ಆಫೀಸಿಗೆ ಲೇಟಾಯ್ತು ಅಂತ ಓಡುತ್ತಾ ಹೇಳಿದ್ದು. ಕೂತು ಸರಿಯಾಗಿ ಒಮ್ಮೆಯೂ ಹೇಳಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಶಾಲೆಯ ಹೆಸರು ಹಾಕಬೇಡಿ ಅಂತ ಹೆಡ್ ಮೇಡಂ ಹೇಳಿದ್ದಾರೆ. "ಹೆಸರು ಹಾಕಿದರೆ ನಾಳೆ ಬೆಳಗ್ಗೆ ಐವತ್ತು ಅಪ್ಪ ಅಮ್ಮ ಬಂದು ನಿಲ್ತಾರೆ, ನನ್ನ ಹತ್ರ ಇರೋದು ಒಂದೇ ರೂಮು, ಒಬ್ಬರೇ ಸ್ಪೆಷಲ್ ಟೀಚರ್" ಅಂದರು. ನಿಜ. ಆದರೆ ದಾವಣಗೆರೆ ಎಷ್ಟು ದೊಡ್ಡದು ಹೇಳಿ, ಗೊತ್ತಾಗುವವರಿಗೆ ಗೊತ್ತಾಗುತ್ತೆ ಬಿಡಿ.

ಪುಟ್ಟನ ಮೂರನೇ ವಯಸ್ಸಿನಲ್ಲಿ ಆಟಿಸಂ ಅಂತ ಗೊತ್ತಾಗಿದ್ದು, ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಓಡಾಡಿದ್ದು, ಅಂಗವಿಕಲತೆಯ ಸರ್ಟಿಫಿಕೇಟಿಗೆ ಅಲೆದಾಡಿದ್ದು ನಿಮಗೆಲ್ಲ ಗೊತ್ತಿರೋದೇ. ಒಂದು ಮಾತು ಮಾತ್ರ ಹೇಳಿಬಿಡುತ್ತೇನೆ. ಆ ಸರ್ಟಿಫಿಕೇಟಿಗೆ 40 ಅಂಶಗಳಿರುವ ಒಂದು ಪಟ್ಟಿ ಇದೆ, ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ. ಕಣ್ಣು ಕೊಟ್ಟು ನೋಡಲ್ಲ, ಬೇರೆ ಮಕ್ಕಳ ಜೊತೆ ಸೇರಲ್ಲ, ಹೇಳಿದ್ದನ್ನೇ ಹೇಳುತ್ತಾನೆ... ಪೂರ್ತಿ ಇಲ್ಲ ಇಲ್ಲಗಳೇ. ಅಂಕ ಜಾಸ್ತಿ ಬಂದಷ್ಟೂ ತೊಂದರೆ ಜಾಸ್ತಿ ಅಂತ ಲೆಕ್ಕ. ನನ್ನ ಮಗ ಜೀವನದಲ್ಲಿ ಮೊದಲ ಸಲ ಒಳ್ಳೇ ಅಂಕ ತೆಗೆದದ್ದು ಅದರಲ್ಲಿ. ಆಗ ನಗು ಬಂದಿರಲಿಲ್ಲ, ಈಗ ಬರುತ್ತೆ.

ಎರಡು ಶಾಲೆಯವರು ಬೇಡ ಅಂದಿದ್ದರು. ಒಂದರಲ್ಲಿ "ಬೇರೆ ಪೇರೆಂಟ್ಸ್ ಒಪ್ಪಲ್ಲ" ಅಂದರು, ಇನ್ನೊಂದರಲ್ಲಿ ಏನೂ ಹೇಳದೆ ಮೂರು ವಾರ ಕಾಯಿಸಿದರು. ಹಾಗಾಗಿ ಈ ಶಾಲೆಗೆ ಹೋಗುವಾಗ ನಾನು ಜಗಳಕ್ಕೆ ತಯಾರಾಗೇ ಹೋಗಿದ್ದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಕಲಂ ಪ್ರಿಂಟ್ ತೆಗೆಸಿಕೊಂಡಿದ್ದೆ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆಗಳು ಭೇದ ಮಾಡದೆ ಸೇರಿಸಿಕೊಳ್ಳಬೇಕು ಅನ್ನುವ ಸಾಲಿಗೆ ಹಳದಿ ಪೆನ್ನಿನಲ್ಲಿ ಗೆರೆ ಕೂಡ ಎಳೆದಿದ್ದೆ. ಹೆಡ್ ಮೇಡಂ ಆ ಹಾಳೆಯನ್ನು ಓದಿದರು, ಮಡಚಿ ನನ್ನ ಕಡೆ ತಳ್ಳಿದರು. "ಇದನ್ನ ಒಳಗಿಡಿ. ಅವನಿಗೆ ಯಾವ ಶಬ್ದ ಆಗಲ್ಲ ಹೇಳಿ" ಅಂದರು.

ಆ ಪ್ರಶ್ನೆಯನ್ನು ಅದುವರೆಗೆ ನನಗೆ ಯಾರೂ ಕೇಳಿರಲಿಲ್ಲ. ಕುಕ್ಕರ್ ಸೀಟಿ, ಮಿಕ್ಸಿ, ಪಟಾಕಿ, ಕರೆಂಟ್ ಬೆಲ್ ಅಂತ ಪಟ್ಟಿ ಹೇಳಿದೆ.

ಮುಂದಿನ ಸೋಮವಾರ ಹೋದರೆ ಕರೆಂಟ್ ಬೆಲ್ ಬಂದ್. ಯಾವುದೋ ಮೂಲೆಯಲ್ಲಿ ಬಿದ್ದಿದ್ದ ಹಳೇ ರೈಲು ಹಳಿಯ ತುಂಡನ್ನು ಮತ್ತೆ ಬೇವಿನ ಮರಕ್ಕೆ ನೇತು ಹಾಕಿದ್ದರು. ಹೊಡೆಯುವ ಕೆಲಸ ಆಯಾ ಅಕ್ಕನದು. ಬೆಲ್ ಹೊಡೆಯುವ ಮುಂಚೆ ಅಕ್ಕ ಪುಟ್ಟನ ಕ್ಲಾಸಿನ ಕಿಟಕಿಗೆ ಬಂದು ಒಂದು ಬೆರಳು ಎತ್ತಿ ತೋರಿಸುತ್ತಿದ್ದರು. ಪುಟ್ಟ ಹೆಡ್‌ಫೋನ್ ಹಾಕಿಕೊಳ್ಳುವವರೆಗೆ ಕಾಯುತ್ತಿದ್ದರು. ಆಮೇಲೆ ಹೋಗಿ ಢಣ್. ದಿನಕ್ಕೆ ಎಂಟು ಸಲ. ಐದು ವರ್ಷ. ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟೆ.

ಶಾಲೆಯ ಗೋಡೆ ಮೇಲೆ ಎಲ್ಲಾ ಶಾಲೆಗಳಲ್ಲಿ ಇರುವ ಹಾಗೆ ದಯೆ, ಪ್ರಾಮಾಣಿಕತೆ, ಶಿಸ್ತು ಅಂತ ಬಣ್ಣದಲ್ಲಿ ಬರೆದಿದ್ದಾರೆ. ನಾನು ಅದನ್ನೆಲ್ಲ ನಂಬುವವಳಲ್ಲ. ಆದರೆ ಪ್ರತಿ ಜೂನ್‌ನಲ್ಲಿ ಸ್ಪೆಷಲ್ ಟೀಚರ್ ಒಂದು ದಿನದ ತರಬೇತಿ ಕೊಡುತ್ತಾರಲ್ಲ, ಅದಕ್ಕೆ ಟೀಚರ್‌ಗಳ ಜೊತೆ ಆಯಾ, ಬಿಸಿಯೂಟದ ಅಕ್ಕಂದಿರು, ಗೇಟಿನ ತಾತ ಎಲ್ಲರನ್ನೂ ಕೂರಿಸುತ್ತಾರೆ. ನನ್ನ ಪ್ರಕಾರ ಆ ಶಾಲೆಯ ದೊಡ್ಡ ಕೆಲಸ ಅದೇ. ಮಗು ಹೆದರುವುದು ಕ್ಲಾಸಿನಲ್ಲಿ ಕಮ್ಮಿ. ಊಟದ ಸಾಲಿನಲ್ಲಿ, ಕಕ್ಕಸಿನ ಹತ್ರ, ಗೇಟಿನಲ್ಲಿ ಜಾಸ್ತಿ. ಅಲ್ಲಿ ಬಿ.ಎಡ್. ಮಾಡಿದವರು ಇರಲ್ಲ, ಅಲ್ವಾ?

ಉಳಿದದ್ದನ್ನು ಬೇಗ ಹೇಳುತ್ತೇನೆ. ದಿನದ ಕೆಲಸಗಳ ಚಿತ್ರದ ಕಾರ್ಡುಗಳು ಸಾಲಾಗಿ ಬೋರ್ಡಿನ ಮೇಲೆ ಇರುತ್ತವೆ, ಮುಗಿದದ್ದನ್ನು ಅವನೇ ಕಿತ್ತು ಡಬ್ಬಿಗೆ ಹಾಕಬೇಕು. ಮೂಲೆಯಲ್ಲಿ ಚಾಪೆ ಮತ್ತು ಪರದೆ ಇರುವ ಪುಟ್ಟ ಕೋಣೆ ಇದೆ, ಮಕ್ಕಳು ಅದಕ್ಕೆ "ಸುಮ್ನಿರೋ ರೂಮು" ಅಂತ ಹೆಸರಿಟ್ಟಿದ್ದಾರೆ. ತಲೆ ಬಿಸಿಯಾದರೆ ಯಾರು ಬೇಕಾದರೂ ಹೋಗಿ ಕೂರಬಹುದು. ಪರೀಕ್ಷೆ ಪೇಪರ್ ತಿದ್ದುವಾಗ ಗಣಿತದ ಮೇಡಂ ಅಲ್ಲಿ ಕೂತಿದ್ದನ್ನು ನಾನೇ ನೋಡಿದ್ದೇನೆ. ಪುಟ್ಟ ರೈಲ್ವೆ ಅನೌನ್ಸ್‌ಮೆಂಟ್ ಬಿಟ್ಟರೆ ಬೇರೆ ಮಾತು ಆಡದೇ ಇದ್ದಾಗ ಸ್ಪೆಷಲ್ ಟೀಚರ್ ಅದನ್ನು ಬಿಡಿಸಲು ಹೋಗಲಿಲ್ಲ. "ದಯವಿಟ್ಟು ಗಮನಿಸಿ ಅಂದರೆ ಇಲ್ಲಿ ನೋಡಿ ಅಂತ ಅರ್ಥ, ನೋಡಿ" ಅಂದರು. ನೋಡಿದೆವು. ಅವತ್ತಿನಿಂದ ಕಿರುಚಾಟ ಅರ್ಧ ಕಮ್ಮಿಯಾಯಿತು.

ಪ್ರತಿ ಮಗುವಿಗೂ ವರ್ಷಕ್ಕೆ ಒಂದು ಯೋಜನೆ ಬರೆಯುತ್ತಾರೆ, ಏನು ಕಲಿಸಬೇಕು ಅಂತ. ಮೂರನೇ ಕ್ಲಾಸಿನ ಯೋಜನೆಯಲ್ಲಿ ಮಗ್ಗಿ ಇರುತ್ತೆ ಅಂದುಕೊಂಡಿದ್ದೆ. ಮೊದಲ ಸಾಲಿನಲ್ಲೇ "'ಸಾಕು' ಎಂದು ಹೇಳಲು ಕಲಿಯುವುದು" ಅಂತ ಇತ್ತು. ನನಗೆ ಸಿಟ್ಟು ಬಂತು. ಮೊದಲೇ ಹಟ, ಅದರ ಮೇಲೆ ಇದನ್ನು ಬೇರೆ ಕಲಿಸಬೇಕಾ ಅಂತ. ಆ ಪದವನ್ನು ಅವನು ಮೊದಲು ಪ್ರಯೋಗಿಸಿದ್ದು ನನ್ನ ಮೇಲೇ, ತಲೆ ಬಾಚುವಾಗ.

ಈಗ ಆ ರಾತ್ರಿ.

ಹೋದ ದೀಪಾವಳಿ. ಪಟಾಕಿ ಸದ್ದಿನ ನಡುವೆ ಪುಟ್ಟ ಮನೆಯಿಂದ ಹೊರಗೆ ಹೋಗಿ ಕಾಣೆಯಾದ ರಾತ್ರಿ. ಎಷ್ಟು ಹೊತ್ತಿಗೆ, ಹೇಗೆ, ಪೊಲೀಸರಿಗೆ ಯಾರು ಫೋನ್ ಮಾಡಿದರು ಅನ್ನುವುದೆಲ್ಲ ನಿಮಗೆ ಗೊತ್ತು. ನಿಮ್ಮಲ್ಲಿ ಅರ್ಧ ಜನ ಬೀದಿಗಿಳಿದು ಹುಡುಕಿದವರೇ. ನಮ್ಮನೆಯವರು ಅಶೋಕ ಟಾಕೀಸ್ ಹತ್ರದ ರೈಲ್ವೆ ಗೇಟಿಗೆ ಓಡಿದರು, ಅವನಿಗೆ ರೈಲು ಅಂದರೆ ಪ್ರಾಣ ಅಂತ. ಮೈದುನ ಕುಂದುವಾಡ ಕೆರೆಗೆ ಹೋದ, ಇಂಥ ಎಷ್ಟೋ ಮಕ್ಕಳಿಗೆ ನೀರಿನ ಸೆಳೆತ ಇರುತ್ತೆ ಅಂತ. ಅವನು ಕೆರೆ ಅಂದಾಗ ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಚಿಲಕ ಹಾಕದೇ ಬಂದವಳು ನಾನು. ಇದನ್ನು ಯಾರಿಗೂ ಹೇಳಿರಲಿಲ್ಲ. ಎಲ್ಲರೂ ಪಟಾಕಿಗೆ ಬೈದರು, ನಾನೂ ಬೈದೆ. ಇನ್ನೂ ಒಂದಿದೆ. ಹುಡುಕುವಾಗ ಯಾವುದೋ ಒಂದು ಗಳಿಗೆಯಲ್ಲಿ "ಇನ್ನು ನನ್ನ ಕೈಲಾಗಲ್ಲ, ಹೇಗಾದರೂ ಇದು ಮುಗಿದರೆ ಸಾಕು" ಅನ್ನಿಸಿತು. ಅವನು ಸಿಕ್ಕಿ ಮುಗಿಯಲಿ ಅಂತಲಾ, ಸಿಗದೇ ಮುಗಿಯಲಿ ಅಂತಲಾ, ಆ ಗಳಿಗೆಯಲ್ಲಿ ನನಗೆ ಗೊತ್ತಿರಲಿಲ್ಲ. ಬರೆಯಬಾರದಿತ್ತೇನೋ. ಬರೆದಾಯಿತು. ಇರಲಿ.

ಅವನು ಸಿಕ್ಕಿದ್ದು ದೂರದಲ್ಲೇನೂ ಅಲ್ಲ. ನಮ್ಮ ಹಿಂದಿನ ಎರಡನೇ ಬೀದಿಯಲ್ಲಿ ಕಟ್ಟುತ್ತಿದ್ದ ಮನೆಯ ಮೊದಲ ಮಹಡಿಯಲ್ಲಿ, ಗೋಡೆ ಇಲ್ಲದ ಕಡೆ, ಅಂಚಿನಿಂದ ಒಂದು ಮಾರು ದೂರದಲ್ಲಿ ಕಿವಿ ಮುಚ್ಚಿಕೊಂಡು ಕೂತಿದ್ದ. ಕೆಳಗೆ ನಲವತ್ತು ಜನ. ಹತ್ತು ಮೊಬೈಲ್ ಟಾರ್ಚು ಅವನ ಮುಖಕ್ಕೆ. "ಪುಟ್ಟಾ ಬಾರೋ", "ಹಿಡೀರಿ ಹಿಡೀರಿ" ಅಂತ ಕೂಗಾಟ. ಯಾರಾದರೂ ಒಂದು ಮೆಟ್ಟಿಲು ಹತ್ತಿದರೆ ಅವನು ಒಂದು ಗೇಣು ಹಿಂದೆ ಸರಿಯುತ್ತಿದ್ದ. ನಾನು ಹತ್ತಿದರೂ ಅಷ್ಟೇ.

ಆಯಾ ಅಕ್ಕನಿಗೆ ಯಾರು ಹೇಳಿದರೋ ಇವತ್ತಿಗೂ ಗೊತ್ತಿಲ್ಲ. ಹಬ್ಬದ ಸೀರೆಯಲ್ಲೇ ಬಂದರು. ಬರುವ ಮುಂಚೆ ಶಾಲೆಗೆ ಹೋಗಿ, ತಮ್ಮ ಹತ್ರ ಇದ್ದ ಕೀಲಿಯಿಂದ ಕ್ಲಾಸ್ ತೆಗೆದು, ಅವನ ಹೆಡ್‌ಫೋನ್ ತಂದಿದ್ದರು. ಆ ಹೊತ್ತಿನಲ್ಲಿ ಅದು ಹೊಳೆಯಿತಲ್ಲ! ಬಂದವರೇ ಮೊದಲು ಜನರನ್ನು ತರಾಟೆಗೆ ತೆಗೆದುಕೊಂಡರು. "ಬ್ಯಾಟ್ರಿ ಆರಿಸ್ರಿ ಎಲ್ರೂ. ಕೂಗ್ಬ್ಯಾಡ್ರಿ. ಅವನೇನ್ ಕಳ್ಳನಾ, ಹಿಡಿಯಾಕೆ?" ಅಂದರು. ಪೊಲೀಸಿನವರೂ ಟಾರ್ಚ್ ಆರಿಸಿದರು.

ಮೇಲೆ ಹತ್ತಿ, ಅವನಿಂದ ಹತ್ತು ಹೆಜ್ಜೆ ದೂರದಲ್ಲಿ, ಸಿಮೆಂಟ್ ಧೂಳಿನಲ್ಲಿ ಆ ಸೀರೆಯಲ್ಲೇ ಕೂತರು. ಮಾತಿಲ್ಲ. ಅವನ ಕಡೆ ನೋಡಲೂ ಇಲ್ಲ. ಸುಮಾರು ಹೊತ್ತಾದ ಮೇಲೆ ತಮ್ಮ ಸಣ್ಣ ಬ್ಯಾಟರಿ ಹಚ್ಚಿ ಅದರ ಬೆಳಕನ್ನು ತಮ್ಮ ಕೈ ಮೇಲೇ ಬಿಟ್ಟುಕೊಂಡು ಒಂದು ಬೆರಳು ಎತ್ತಿದರು. ಕಿಟಕಿಯಲ್ಲಿ ತೋರಿಸುತ್ತಿದ್ದ ಅದೇ ಬೆರಳು. ಕಾದರು. ಆಮೇಲೆ ಒಂದು ಹೆಜ್ಜೆಯಷ್ಟು ಮುಂದೆ ಜರುಗಿದರು. ಪುಟ್ಟ ಹಿಂದೆ ಸರಿಯಲಿಲ್ಲ. ಮತ್ತೆ ಬೆಳಕು ಆರಿಸಿ ಕೂತರು. ಎಲ್ಲೋ ಒಂದು ಪಟಾಕಿ ಹೊಡೆದರೆ ಅಲ್ಲಿಗೆ ಎಲ್ಲ ಮೊದಲಿಂದ. ಮತ್ತೆ ಬೆರಳು, ಮತ್ತೆ ಕಾಯೋದು. ನಾನು ಮೆಟ್ಟಿಲ ತಿರುವಿನಲ್ಲಿ ಸೆರಗು ಕಚ್ಚಿಕೊಂಡು ಕೂತು ನೋಡುತ್ತಿದ್ದೆ. ಹತ್ತು ಹೆಜ್ಜೆಗೆ ಮೂರೂವರೆ ಗಂಟೆ ಬೇಕಾಯಿತು.

ಹೆಡ್‌ಫೋನನ್ನು ಅವರು ಹಾಕಲಿಲ್ಲ, ಪಕ್ಕದಲ್ಲಿ ಇಟ್ಟರು. ಅವನೇ ತೆಗೆದು ಹಾಕಿಕೊಂಡ. ಬೆಳಗಿನ ಜಾವ ನಾಲ್ಕರ ಹತ್ರ ಪಟಾಕಿ ಪೂರ್ತಿ ನಿಂತಾಗ "ಸಾಕು" ಅಂದು ಎದ್ದು ನಿಂತ. ಅಕ್ಕನೂ ಎದ್ದರು, ಮೊಣಕಾಲು ಹಿಡಿದುಕೊಂಡು. ಅವರಿಗೆ ಮಂಡಿ ನೋವಿದೆ ಅನ್ನೋದು ಅವತ್ತು ಮೆಟ್ಟಿಲು ಇಳಿಯುವಾಗ ನನಗೆ ಗೊತ್ತಾಯಿತು.

ಮನೆಗೆ ಕರೆದು ಕಾಫಿ ಕೊಟ್ಟೆ. ಚಿಲಕದ ವಿಷಯ ಅವರಿಗೊಬ್ಬರಿಗೇ ಹೇಳಲು ಬಾಯಿ ತೆರೆದೆ. ಅವರು ಬಾಗಿಲ ಕಡೆ ನೋಡಿ "ಮ್ಯಾಲೊಂದು ಚಿಲಕ ಹಾಕಿಸ್ರಿ, ನೀವೂ ಮನುಷ್ಯರೇ ಅಲ್ವಾ" ಅಂದರು. ಮುಂಚೆಯೇ ಗೊತ್ತಾಗಿತ್ತು ಅವರಿಗೆ.

ಇನ್ನು ಕ್ಲಾಸ್ ಟೀಚರ್‌ಗಳು, ಸಾಂಬಾರು ತಾಗದ ಹಾಗೆ ಅನ್ನ ಬೇರೆ ಇಡುತ್ತಿದ್ದ ಬಿಸಿಯೂಟದ ಅಕ್ಕಂದಿರು, ಗೇಟಿನ ತಾತ, ಸಿಆರ್‌ಸಿಯ (ಅಂಗವಿಕಲರ ಸಂಯುಕ್ತ ಪ್ರಾದೇಶಿಕ ಕೇಂದ್ರದ) ಥೆರಪಿಸ್ಟ್‌ಗಳು, ಆಟಿಸಂ ಇರುವವರಿಗೂ ಸಿಗುವ ನಿರಾಮಯ ಆರೋಗ್ಯ ವಿಮೆಯ ಅರ್ಜಿ ತುಂಬಿಕೊಟ್ಟ ಎದುರುಮನೆ ಹುಡುಗ, ಐದೂ ವರ್ಷ ಪುಟ್ಟನ ಪಕ್ಕದಲ್ಲೇ ಕೂತ ಅವನ ಜೋಡಿ, ಮತ್ತು ಆ ರಾತ್ರಿ ಹಬ್ಬ ಬಿಟ್ಟು ಬಂದ ನೀವೆಲ್ಲರೂ, ನಿಮಗೆಲ್ಲ ಒಂದೇ ಸಾಲಿನಲ್ಲಿ ಥ್ಯಾಂಕ್ಸ್ ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಅಕ್ಕಾ, ನಿಮ್ಮ ಮಗಳು ಇದನ್ನು ಓದಿ ಹೇಳುತ್ತಾಳೆ ಅಂತ ಗೊತ್ತು. ನಿಮ್ಮ ಆ ಹಬ್ಬದ ಸೀರೆಯ ಸಿಮೆಂಟ್ ಕಲೆ ಹೋಗಲಿಲ್ಲ ಅಂತ ಅವಳೇ ನನಗೆ ಹೇಳಿದ್ದು, ಅವಳನ್ನು ಬೈಯಬೇಡಿ. ಆರನೇ ಕ್ಲಾಸಿಗೆ ಸೇರಿಸಿರುವ ಶಾಲೆಯನ್ನು ಹೋಗಿ ನೋಡಿ ಬಂದೆ. ಟೀಚರ್‌ಗಳು ಒಳ್ಳೆಯವರ ಹಾಗೆ ಕಾಣುತ್ತಾರೆ. ಆದರೆ ಅಲ್ಲಿ ಕರೆಂಟ್ ಬೆಲ್ಲೇ. ಸ್ವಿಚ್ ಇರುವುದು ಅಟೆಂಡರ್ ಕುರ್ಚಿಯ ಪಕ್ಕ. ಬೆರಳಿನ ವಿಷಯ ಅವರಿಗೆ ಹೇಳಿದೆ, "ನೋಡೋಣ ಮೇಡಂ" ಅಂದರು. ನೀವೇ ಒಂದು ದಿನ ಬಂದು ಅವರಿಗೆ ತೋರಿಸಿಕೊಡುತ್ತೇನೆ ಅಂದಿದ್ದಿರಿ. ಶಾಲೆ ಶುರುವಾಗುವ ಹಿಂದಿನ ದಿನ ಆಟೊ ಕಳಿಸುತ್ತೇನೆ. ಪುಟ್ಟನೂ ಬರುತ್ತಾನೆ. ಅವನಿಗೆ ಮಂಡಕ್ಕಿ ಕಟ್ಟಿಕೊಂಡು ಬರಬೇಡಿ, ನಾನೇ ತರುತ್ತೇನೆ, ಒಗ್ಗರಣೆ ಹಾಕದ್ದು.