ಬಳೆ ಬಂದವು, ಉಂಗುರ ಬರಲಿಲ್ಲ

ಧಾರವಾಡ

ಚಿರಂಜೀವಿ ಪುಟ್ಟಿಗೆ ಅವ್ವನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ ಅಂತ ಬರೆಯುವುದು ರೂಢಿ. ನಿಮ್ಮಪ್ಪ ಕ್ಷೇಮ, ಬೆಕ್ಕು ಕ್ಷೇಮ, ನಾನು ಮುಕ್ಕಾಲು ಪಾಲು ಕ್ಷೇಮ. ಹೋದ ಗುರುವಾರ ಬಚ್ಚಲಮನೆಯಲ್ಲಿ ಕಾಲು ಜಾರಿ, ಎಡಗೈ ಊರಿ ಬಿದ್ದೆ. ಮಣಿಕಟ್ಟಿನ ಹತ್ತಿರ ಎಲುಬು ಬಿರುಕು ಬಿಟ್ಟಿದೆ. ಆರು ವಾರ ಪ್ಲಾಸ್ಟರ್. ಫೋನಿನಲ್ಲಿ ಹೇಳಿದ್ದರೆ ಅದೇ ರಾತ್ರಿ ನೀನು ಬಸ್ ಹತ್ತುತ್ತಿದ್ದೆ. ಹೊಸ ಕೆಲಸ, ರಜೆ ಇಲ್ಲ. ಅದಕ್ಕೇ ಸುಮ್ಮನಿದ್ದೆ. ನಿಮ್ಮಪ್ಪನ ಮೇಲೆ ಸಿಟ್ಟಾಗಬೇಡ, ಅವರ ಬಾಯಿ ಕಟ್ಟಿದ್ದು ನಾನೇ.

ಎಕ್ಸ್-ರೇ ಕೋಣೆಯಲ್ಲಿ ಆ ಹುಡುಗ ಬಳೆ, ಉಂಗುರ ಎಲ್ಲಾ ತೆಗೆಯಿರಿ ಅಂದ. ಬಳೆ ಬಂದವು, ಎರಡು ಒಡೆದವು. ಉಂಗುರ ಬರಲಿಲ್ಲ. ಬೆರಳು ಬದನೆಕಾಯಿ ಹಾಗೆ ಊದಿತ್ತು. ಸೋಪು ಹಚ್ಚಿದರು, ದಾರ ಸುತ್ತಿದರು, ಊಹೂಂ. ‘ಇರಲಿ ಬಿಡ್ರಿ, ನಮಗೆ ಬೇಕಾದ್ದು ಮಣಿಕಟ್ಟು’ ಅಂತ ಹಾಗೇ ತೆಗೆದ. ಫಿಲ್ಮ್ ಕೈಗೆ ಬಂದಾಗ ನೋಡಿದರೆ, ಎಲುಬಿನ ಸುತ್ತ ಉಂಗುರ ಬೆಳ್ಳಗೆ ಹೊಳೆಯುತ್ತಿದೆ, ಎಲ್ಲಿಯೂ ತಾಗದೆ ತೇಲುತ್ತಿರುವ ಹಾಗೆ. ನಿಮ್ಮಪ್ಪ ಅದನ್ನು ಕಿಟಕಿಗೆ ಹಿಡಿದು, ‘ಉಂಗುರ ಇಲ್ಲದಿದ್ದರೆ ಇದು ನಿನ್ನ ಕೈ ಅಂತ ನನಗೆ ಗೊತ್ತಾಗ್ತಿರಲಿಲ್ಲ’ ಅಂದರು. ಮದುವೆಯಾಗಿ ಇಷ್ಟು ವರ್ಷದ ಮೇಲೆ ನೋಡು ಈ ಮಾತು!

ನನಗೆ ಆ ಕ್ಷಣ ಇನ್ನೊಂದು ಕೈ ನೆನಪಾಯಿತು. ಜರ್ಮನಿಯ ವ್ಯೂರ್ಟ್ಸ್‌ಬುರ್ಗ್ ಊರಿನಲ್ಲಿ ಎಕ್ಸ್-ರೇ ಕಂಡುಹಿಡಿದ ಪ್ರೊಫೆಸರ್ ರಾಂಟ್‌ಜನ್ ತನ್ನ ಹೆಂಡತಿ ಬರ್ಥಾಳ ಕೈಯನ್ನು ಫೋಟೋ ಪ್ಲೇಟಿನ ಮೇಲೆ ಇಡಿಸಿ ತೆಗೆದ ಚಿತ್ರ. ಅದರಲ್ಲೂ ಉಂಗುರ ಇದೆ. ನನ್ನದು ಬೆಳ್ಳಗೆ, ಅವಳದು ಕಪ್ಪು ಉಂಡೆಯ ಹಾಗೆ, ಅಷ್ಟೇ ವ್ಯತ್ಯಾಸ. ತೆಗೆದದ್ದು 1895ರ ಡಿಸೆಂಬರ್ 22. ಸುದ್ದಿ ಪೇಪರಿನಲ್ಲಿ ಬಂದು ಜನ ಬೆಚ್ಚಿಬಿದ್ದದ್ದು 1896ರ ಜನವರಿಯಲ್ಲಿ. ಕೆಲವೇ ವಾರಗಳಲ್ಲಿ ಡಾಕ್ಟರುಗಳು ಮುರಿದ ಎಲುಬು ನೋಡಲು ಅದನ್ನು ಬಳಸತೊಡಗಿದರು. ಆ ಮನುಷ್ಯ ಪೇಟೆಂಟ್ ಕೂಡ ಮಾಡಿಸಲಿಲ್ಲ.

ಒಂದು ಕೈ ಕಟ್ಟಿಹಾಕಿದ ಮೇಲೆ ರೊಟ್ಟಿ ಬಡಿಯುವ ಹಾಗಿಲ್ಲ. ಅಡುಗೆ ನಿಮ್ಮಪ್ಪನದು (ಸಾರು ಪರವಾಗಿಲ್ಲ, ಪಲ್ಯ ಕೇಳಬೇಡ). ಹಾಗಾಗಿ ಕೂತು ಆ 1896ನ್ನೇ ಕೆದಕಿದೆ. ನಾನು ಇಪ್ಪತ್ತೆಂಟು ವರ್ಷ ಇತಿಹಾಸ ಪಾಠ ಮಾಡಿದವಳು. ರಾಜರಿಗೊಂದು ಸಾಲು, ಯುದ್ಧಗಳಿಗೊಂದು ಸಾಲು, ಸಂಶೋಧನೆಗಳಿಗೆ ಇನ್ನೊಂದು. ಇಸವಿ ಬಾಯಿಪಾಠ ಮಾಡದಿದ್ದರೆ ನಿನಗೂ ಬೈದಿದ್ದೇನೆ. ಒಂದೇ ವರ್ಷವನ್ನು ಚಾಪೆ ಹಾಸಿದ ಹಾಗೆ ಹಾಸಿ, ಅಡ್ಡಕ್ಕೆ ಏನೇನಿದೆ ಅಂತ ಯಾವತ್ತೂ ನೋಡಿರಲಿಲ್ಲ ಪುಟ್ಟಿ.

ಮಾರ್ಚ್ 1 ನೋಡು. ಪ್ಯಾರಿಸ್ಸಿನಲ್ಲಿ ಬೆಕ್ವೆರೆಲ್ ಅನ್ನುವವನು ಯುರೇನಿಯಂ ಲವಣವನ್ನು ಬಿಸಿಲಿಗಿಟ್ಟರೆ ಅದರಿಂದ ಎಕ್ಸ್-ರೇ ಬರುತ್ತದೇನೋ ಅಂತ ಪರೀಕ್ಷೆ ಮಾಡುತ್ತಿದ್ದ. ಬಿಸಿಲೇ ಬೀಳಲಿಲ್ಲ. ಮೋಡ. ಬೇಸರವಾಗಿ ಲವಣವನ್ನೂ ಕಪ್ಪು ಕಾಗದ ಸುತ್ತಿದ ಫೋಟೋ ಪ್ಲೇಟನ್ನೂ ಟೇಬಲ್ಲಿನ ಡ್ರಾಯರಿನೊಳಗೆ ಹಾಕಿಬಿಟ್ಟಿದ್ದ. ಅವತ್ತು ಪ್ಲೇಟ್ ತೊಳೆದು ನೋಡಿದರೆ ಬಿಸಿಲಿಲ್ಲದೆಯೇ ಗುರುತು ಮೂಡಿದೆ, ಅದೂ ಢಾಳಾಗಿ! ಅಣುವಿಕಿರಣ ಮನುಷ್ಯನ ಕಣ್ಣಿಗೆ ಬಿದ್ದದ್ದು ಹಾಗೆ.

ಅದೇ ದಿನ ಇಥಿಯೋಪಿಯಾದ ಅಡ್ವಾ ಗುಡ್ಡಗಳಲ್ಲಿ ಚಕ್ರವರ್ತಿ ಮೆನೆಲಿಕ್‌ನ ಸೇನೆ ಇಟಲಿಯ ಸೇನೆಯನ್ನು ಹೊಡೆದು ಓಡಿಸಿತು. ರಾಣಿ ಟೈತು ತನ್ನದೇ ಪಡೆ ಕಟ್ಟಿಕೊಂಡು ಯುದ್ಧಕ್ಕೆ ಬಂದಿದ್ದಳು. ಜಗಳದ ಬೇರು ಎಲ್ಲಿತ್ತು ಗೊತ್ತಾ? ಕ್ರಿಯಾಪದದಲ್ಲಿ! 1889ರ ಒಪ್ಪಂದವನ್ನು ಎರಡು ಭಾಷೆಯಲ್ಲಿ ಬರೆದಿದ್ದರು. ಹೊರದೇಶದ ವ್ಯವಹಾರವನ್ನು ಇಟಲಿಯ ಮೂಲಕ ನಡೆಸಬಹುದು ಅಂತ ಅಮ್ಹಾರಿಕ್ ಪ್ರತಿಯಲ್ಲಿ. ಇಟಲಿಯ ಪ್ರತಿಯಲ್ಲಿ ಅದು ನಡೆಸತಕ್ಕದ್ದು. ‘ಬಹುದು’ಗೂ ‘ತಕ್ಕದ್ದು’ಗೂ ನಡುವೆ ಸಾವಿರಾರು ಜನ ಸತ್ತರು. ನಿನ್ನ ಕನ್ನಡ ಮಾರ್ಕ್ಸ್ ಬಗ್ಗೆ ನಾನು ಅಷ್ಟೊಂದು ಕಿರಿಕಿರಿ ಮಾಡಿದ್ದು ಸುಮ್ಮನೆ ಅಲ್ಲ.

ಏಪ್ರಿಲಿನಲ್ಲಿ ಅಥೆನ್ಸ್ ಒಲಿಂಪಿಕ್ಸ್, ಹೊಸ ಕಾಲದ ಮೊದಲನೆಯದು. ಮ್ಯಾರಥಾನ್ ಗೆದ್ದ ಸ್ಪಿರಿಡಾನ್ ಲೂಯಿಸ್ ಹೆಸರು ಕ್ವಿಜ್ ಪುಸ್ತಕದಲ್ಲಿ ನೀನು ಓದಿರುತ್ತೀ. ಸ್ಟಮಾಟಾ ರೆವಿಥಿ ಹೆಸರು ನನಗೂ ಈಗಲೇ ಗೊತ್ತಾದದ್ದು. ಹೆಂಗಸರಿಗೆ ಸ್ಪರ್ಧೆ ಇರಲಿಲ್ಲ. ಈ ಬಡ ತಾಯಿ ತಾನೂ ಓಡುತ್ತೇನೆ ಅಂದಳು, ಬಿಡಲಿಲ್ಲ. ಮಾರನೇ ದಿನ ಅದೇ ದಾರಿಯಲ್ಲಿ ಒಬ್ಬಳೇ ಓಡಿದಳು. ಸ್ಟೇಡಿಯಂ ಒಳಗೆ ಮಾತ್ರ ಬಿಟ್ಟುಕೊಳ್ಳಲಿಲ್ಲ. ಅದೇ ಹೊತ್ತಿಗೆ ಮೈಸೂರು ಸಂಸ್ಥಾನ ಹೆಂಗಸಿನ ಕೈಯಲ್ಲೇ ಇತ್ತು. ಚಾಮರಾಜೇಂದ್ರ ಒಡೆಯರು 1894ರಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡಿದ್ದರು. ಮಗ ಕೃಷ್ಣರಾಜರಿಗೆ 1896ಕ್ಕೆ ಹನ್ನೆರಡು ವರ್ಷ. ಮಹಾರಾಣಿ ಕೆಂಪನಂಜಮ್ಮಣ್ಣಿ ರೀಜೆಂಟ್ ಆಗಿ ರಾಜ್ಯ ನೋಡಿಕೊಳ್ಳುತ್ತಿದ್ದರು, ದಿವಾನರು ಶೇಷಾದ್ರಿ ಅಯ್ಯರ್. ಹೆಸರಘಟ್ಟದ ನೀರು ಬೆಂಗಳೂರಿನ ನಲ್ಲಿಗೆ ಬಂದದ್ದೂ ಆಗಲೇ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಹೋದ ತಿಂಗಳು ಕೇಳಿದ್ದೆಯಲ್ಲ, ‘ಅವ್ವಾ, ಕಾಲಾ ಘೋಡಾ ಹತ್ತಿರ ದಿನಾ ದಾಟೋ ಆ ಪಾಳು ಕಟ್ಟಡ ಏನು, ಕಬ್ಬಿಣದ ಕಂಬದ್ದು’ ಅಂತ. ಅದು ನೀನಿರುವ ಮುಂಬಯಿಯ ಹಳೇ ವಾಟ್ಸನ್ ಹೋಟೆಲ್. ಕಬ್ಬಿಣದ ಚೌಕಟ್ಟನ್ನು ಇಂಗ್ಲೆಂಡಿನಲ್ಲಿ ಮಾಡಿ, ಹಡಗಿನಲ್ಲಿ ತಂದು ಜೋಡಿಸಿದ್ದು. 1896ರ ಜನವರಿಯಲ್ಲಿ ಅಮೆರಿಕದ ಮಾರ್ಕ್ ಟ್ವೈನ್ ಅಲ್ಲಿ ಇಳಿದುಕೊಂಡಿದ್ದ. ಮುಂಬಯಿಯ ಕಾಗೆಗಳು ಬಾಲ್ಕನಿಯ ಕಂಬಿ ಮೇಲೆ ಕೂತು ತನ್ನ ಬಟ್ಟೆ, ಕೂದಲು, ಮೈಬಣ್ಣದ ಬಗ್ಗೆ ಚರ್ಚೆ ಮಾಡುತ್ತಿದ್ದವು ಅಂತ ಬರೆದಿದ್ದಾನೆ. ಜುಲೈ 7ಕ್ಕೆ ಅದೇ ಹೋಟೆಲಿನಲ್ಲಿ ಲುಮಿಯೇರ್ ಸಹೋದರರ ಚಲಿಸುವ ಚಿತ್ರ ತೋರಿಸಿದರು. ಪ್ಯಾರಿಸ್ಸಿನಲ್ಲಿ ದುಡ್ಡು ಕೊಟ್ಟವರಿಗೆ ಮೊದಲು ತೋರಿಸಿ ಆಗಿನ್ನೂ ಏಳು ತಿಂಗಳೂ ಆಗಿರಲಿಲ್ಲ. ತಂದವನು ಮಾರಿಯಸ್ ಸೆಸ್ಟಿಯೆ, ಆಸ್ಟ್ರೇಲಿಯಾಕ್ಕೆ ಹೊರಟಿದ್ದವನು, ದಾರಿಯಲ್ಲಿ ಮುಂಬಯಿ. ಟಿಕೆಟ್ಟಿಗೆ ಒಂದು ರೂಪಾಯಿ. ರೈಲು ಬರುತ್ತದೆ, ಫ್ಯಾಕ್ಟರಿಯಿಂದ ಕೆಲಸಗಾರರು ಹೊರಗೆ ಬರುತ್ತಾರೆ, ಗೋಡೆ ಬೀಳುತ್ತದೆ. ಇಷ್ಟೇ ಸಿನಿಮಾ! ಆಮೇಲೆ ನಾವೆಲ್ಟಿ ಥಿಯೇಟರಿಗೆ ಹೋಯಿತು, ಅಲ್ಲಿ ನಾಲ್ಕಾಣೆಯ ಸೀಟೂ ಇತ್ತು. ನಮ್ಮ ದೇಶದಲ್ಲಿ ಸಿನಿಮಾ ಶುರುವಾದದ್ದು ನೀನು ದಿನಾ ದಾಟುವ ಆ ಜಾಗದಲ್ಲಿ. ಒಂದು ಸಲ ನಿಂತು ನೋಡು. ಬಾಲ್ಕನಿಯ ಕೆಳಗೆ ಮಾತ್ರ ನಿಲ್ಲಬೇಡ.

ಆ ವರ್ಷ ಮುಂಬಯಿಯವರನ್ನು ಕೇಳಿದ್ದರೆ ಸಿನಿಮಾದ ಮಾತು ಯಾರೂ ಆಡುತ್ತಿರಲಿಲ್ಲ. ಸೆಪ್ಟೆಂಬರಿನಲ್ಲಿ ಮಾಂಡ್ವಿಯ ಕಾಳಿನ ಗೋದಾಮುಗಳ ಆಸುಪಾಸು ಜನ ಜ್ವರ ಬಂದು, ಗಡ್ಡೆ ಎದ್ದು ಸಾಯತೊಡಗಿದರು. ಗೋವಾ ಮೂಲದ ಡಾಕ್ಟರ್ ವಿಯೇಗಾಸ್ ಇದು ಪ್ಲೇಗ್ ಅಂತ ಗುರುತಿಸಿದರು. ಊರು ಖಾಲಿಯಾಗತೊಡಗಿತು. ಕಲ್ಕತ್ತೆಯಿಂದ ಬಂದ ಹಾಫ್‌ಕಿನ್ ಅನ್ನುವ ವಿಜ್ಞಾನಿ ಭಾಯಖಳಾದ ಮೆಡಿಕಲ್ ಕಾಲೇಜಿನಲ್ಲಿ ಲಸಿಕೆ ತಯಾರಿಸಿ, ಮೊದಲು ತನಗೇ ಚುಚ್ಚಿಕೊಂಡ. ಅದು 1897ರ ಜನವರಿ 10, ನನ್ನ ವರ್ಷದಿಂದ ಹತ್ತು ದಿನ ಆಚೆ. ಆದರೂ ಸೇರಿಸಿಕೊಂಡಿದ್ದೇನೆ, ಕೇಳುವವರು ಯಾರು? ಅದೇ ಫೆಬ್ರವರಿಯಲ್ಲಿ ಬಂದ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನೇ 2020ರಲ್ಲಿ ಕೊರೋನಾ ಬಂದಾಗ ಮತ್ತೆ ಹೊರಗೆ ತೆಗೆದರು. ಬಾಗಿಲು ಹಾಕಿಕೊಂಡು ಕೂತಿದ್ದೆವಲ್ಲ, ಆಗ.

ಆ ಕಾಲಕ್ಕೆ ನಾವೂ ಮುಂಬಯಿ ಇಲಾಖೆಯವರೇ. 1898ರ ಹೊತ್ತಿಗೆ ಹುಬ್ಬಳ್ಳಿ, ಧಾರವಾಡಕ್ಕೂ ಆ ರೋಗ ಬಂತು. ಮನೆಯಲ್ಲಿ ಇಲಿ ಬಿತ್ತೆಂದರೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಕಟ್ಟಿಕೊಳ್ಳುವುದು. ನಮ್ಮಜ್ಜಿಯ ಬಾಯಲ್ಲಿ ‘ಇಲಿ ಬಿತ್ತು’ ಅನ್ನುವ ಮಾತು ನಾನು ಸಣ್ಣವಳಿದ್ದಾಗಲೂ ಇತ್ತು. ಅವಳು ಅದನ್ನು ಮೆಲ್ಲಗೆ ಹೇಳುತ್ತಿದ್ದಳು.

ಇಷ್ಟೆಲ್ಲದರ ನಡುವೆ ಜನವರಿ 31ಕ್ಕೆ ನಮ್ಮೂರಲ್ಲಿ ಒಂದು ಗಂಡು ಕೂಸು ಹುಟ್ಟಿತ್ತು. ಯಾವ ಪೇಪರಿನಲ್ಲೂ ಬರುವ ಸುದ್ದಿಯಲ್ಲ. ಮನೆಮಾತು ಮರಾಠಿ, ಅಪ್ಪ ಬೇಗ ತೀರಿಕೊಂಡರು. ದೊಡ್ಡವನಾದ ಮೇಲೆ ತಾಯಿಯ ಹೆಸರನ್ನೇ ಮುಂದಿಟ್ಟುಕೊಂಡು ಅಂಬಿಕಾತನಯದತ್ತ ಅಂತ ಸಹಿ ಹಾಕಿದ. ನಮ್ಮ ಬೇಂದ್ರೆ ಅಜ್ಜ. ಹುಟ್ಟಿದ್ದು ಇಲ್ಲಿ, 1981ರ ದೀಪಾವಳಿಯ ಹೊತ್ತಿಗೆ ಕಣ್ಣು ಮುಚ್ಚಿದ್ದು ನೀನಿರುವ ಮುಂಬಯಿಯಲ್ಲಿ. ಒಂದು ತಿಂಗಳು ಬಿಟ್ಟು, ಫೆಬ್ರವರಿ 29ಕ್ಕೆ, ಗುಜರಾತಿನಲ್ಲಿ ಮೊರಾರ್ಜಿ ದೇಸಾಯಿ ಹುಟ್ಟಿದರು. 1900ರಲ್ಲಿ ಅಧಿಕ ದಿನ ಇರಲಿಲ್ಲ. ಪಾಪ, ಮೊದಲ ಸರಿಯಾದ ಹುಟ್ಟುಹಬ್ಬಕ್ಕೆ ಎಂಟು ವರ್ಷ ಕಾಯಬೇಕಾಯಿತು! ನಿನಗೆ ಒಂದು ವರ್ಷ ಕೇಕ್ ತಡವಾಗಿ ಬಂದದ್ದಕ್ಕೆ ಮಾಡಿದ ರಂಪ ನೆನಪಿದೆಯಾ?

ಡಿಸೆಂಬರ್ 10ಕ್ಕೆ ನೊಬೆಲ್ ತೀರಿಕೊಂಡ. ಅವನ ದುಡ್ಡಿನ ಮೊದಲ ಭೌತಶಾಸ್ತ್ರ ಬಹುಮಾನ 1901ರಲ್ಲಿ ರಾಂಟ್‌ಜನ್‌ಗೇ ಹೋಯಿತು. ಅದೇ ಡಿಸೆಂಬರಿನಲ್ಲಿ ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನದಲ್ಲಿ ರವೀಂದ್ರನಾಥ ಟ್ಯಾಗೋರ್ ವಂದೇ ಮಾತರಂ ಹಾಡಿದರು. ಇನ್ನೂ ಇದೆ, ಕೈ ನೋಯುತ್ತಿದೆ. ಬಲಗೈಯೇ.

ಉಂಗುರದ ಕತೆ ಹೇಳಿ ಮುಗಿಸುತ್ತೇನೆ. ಪ್ಲಾಸ್ಟರ್ ಹಾಕುವ ಮೊದಲು ಕತ್ತರಿಸಲೇಬೇಕಾಯಿತು. ನರ್ಸು ಸಣ್ಣ ಗರಗಸದ ಚಕ್ರದಂಥದ್ದು ತಂದು ಮೆತ್ತಗೆ ತಿರುಗಿಸಿದಳು, ಟಕ್ ಅಂತ ಬಿಟ್ಟಿತು. ನಿಮ್ಮಜ್ಜಿ, ಅಂದರೆ ನಮ್ಮತ್ತೆ, ನನ್ನ ಬೆರಳಿಗೆ ಹಾಕಿದ್ದು ಅದು. ಈಗ ಒಂದು ಡಬ್ಬಿಯಲ್ಲಿ ಬಾಯಿ ತೆರೆದುಕೊಂಡು ಕೂತಿದೆ. ಅಕ್ಕಸಾಲಿಗ, ಬೆಸೆಯೋದು ಸುಲಭ, ಅಳತೆ ಯಾವುದು ಹೇಳ್ರಿ ಅಂದ. ನನ್ನ ಬೆರಳು ಮೊದಲಿನ ಹಾಗಾಗುವುದು ಯಾವಾಗಲೋ. ನಿನ್ನ ಉಂಗುರದ ಬೆರಳಿಗೆ ಒಂದು ದಾರ ಸುತ್ತಿ, ಕೂಡುವ ಕಡೆ ಗಂಟು ಹಾಕಿ, ಪತ್ರದ ಜೊತೆ ಕಳಿಸು. ಸಂಜೆ ಹೊತ್ತು ಅಳತೆ ತಗೋ.

ಬಸ್ ಹತ್ತಬೇಡ.

ನಿನ್ನ
ಅವ್ವ